ದೊಡ್ಡ ಪಿಟೀಲಿನವರು

ಸುಳ್ಳನ್ನು ಮೈಕಿನಲ್ಲಿ ಹೇಳಿದರೆ ನಿಜ ಆಗುವುದಿಲ್ಲ. ಪೀಠದ ಮೇಲೆ ನಿಂತು, ಬಿಳಿ ನಿಲುವಂಗಿ ತೊಟ್ಟು ಹೇಳಿದರೂ ಆಗುವುದಿಲ್ಲ. ಹೋದ ತಿಂಗಳು ಶಿಕಾರಿಪುರದ ನಮ್ಮ ಕ್ರೈಸ್ತ ಸಭೆಯಲ್ಲಿ ದೊಡ್ಡ ಪಿಟೀಲಿನವರ ಸ್ಮರಣೆಯ ಆರಾಧನೆ ಇಟ್ಟಿದ್ದರು. ಈಗಿನ ಪಾದ್ರಿ ಎಳೆಯ ಹುಡುಗ, ಪಾಪ, ಯಾರೋ ಹೇಳಿಕೊಟ್ಟ ಪಾಠ ಒಪ್ಪಿಸಿದ: "ತಮ್ಮ ವಾದ್ಯವನ್ನು ಹಾಳು ಮಾಡಿದವರನ್ನು ಅದೇ ಸಂಜೆ ಕೈಹಿಡಿದು ಕ್ಷಮಿಸಿದ ಮಹಾನುಭಾವರು ಅವರು." ಜನ ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬಳು ಕಣ್ಣೊರೆಸಿಕೊಂಡಳು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ನಾನು ಅಲ್ಲಿದ್ದೆ ಕಣ್ರೀ! ಆ ಸಂಜೆ ಅಲ್ಲಿದ್ದವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ. ಅವರು ಯಾರನ್ನೂ ಕ್ಷಮಿಸಲಿಲ್ಲ. ಇದನ್ನು ಹೇಳದೆ ಹೋದರೆ ನನಗೆ ಗೋರಿಯಲ್ಲೂ ನಿದ್ದೆ ಬರುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಇದ್ದಾಗಲೂ ಹೆಸರು ಹಿಡಿದು ಕರೆದವರು ಕಡಿಮೆ. ಪೇಟೆಯಲ್ಲಿ ಅವರು 'ಮೈಕಿನೋರು', ಸಭೆಯಲ್ಲಿ 'ದೊಡ್ಡ ಪಿಟೀಲಿನೋರು'. ಆ ವಾದ್ಯ ಪಿಟೀಲಲ್ಲ, ಬಾಸ್ ಅಂತ ಅವರು ಎಷ್ಟು ಸಲ ಹೇಳಿದರೂ ನಮ್ಮ ಜನ ಕೇಳಲಿಲ್ಲ. ಆಳೆತ್ತರದ ಮರದ ವಾದ್ಯ, ನಾಲ್ಕು ದಪ್ಪ ತಂತಿ, ನಿಂತುಕೊಂಡು ಬೆರಳಿನಿಂದ ಮೀಟಿ ಬಾರಿಸಬೇಕು. ನಾನು ಹೇಳುತ್ತಿರುವುದು ಐವತ್ತರ ದಶಕದ ಕೊನೆಯ ಮಾತು. ಆಗ ಅವರಿಗೆ ಮೂವತ್ತು ದಾಟಿರಬೇಕು. ಆಮೇಲೆ ಊರು ಬಿಟ್ಟು ಸೊರಬಕ್ಕೆ ಹೋದರು, ರೇಡಿಯೋ ರಿಪೇರಿ ಅಂಗಡಿ ಇಟ್ಟರು, ಅಲ್ಲೇ ಹಣ್ಣಾದರು, ಅಲ್ಲೇ ತೀರಿಕೊಂಡರು. ಸೊರಬದಲ್ಲಿ ಅವರು ಬಾಸ್ ಬಾರಿಸಿದ್ದನ್ನು ನೋಡಿದವರಿಲ್ಲ.

ಹುಟ್ಟಿದ್ದು ಶಿಕಾರಿಪುರದಲ್ಲೇ. ಪ್ರಾಯದಲ್ಲಿ ಕೋಲಾರದ ಚಿನ್ನದ ಗಣಿಗೆ ದುಡಿಯಲು ಹೋದವರು ಅಲ್ಲಿ ಕರೆಂಟಿನ ಕೆಲಸ ಕಲಿತರು. ಗಣಿಯ ಚರ್ಚಿನ ಬ್ಯಾಂಡಿನಲ್ಲಿ ಬಾಸ್ ಬಾರಿಸುತ್ತಿದ್ದ ಮುದುಕನೊಬ್ಬ ಇವರ ಉದ್ದ ಬೆರಳು ನೋಡಿ ಹಿಡಿದು ಕೂರಿಸಿ ಕಲಿಸಿದನಂತೆ. ಸಾಯುವಾಗ ವಾದ್ಯವನ್ನೂ ಇವರಿಗೇ ಕೊಟ್ಟ. ಇತ್ತ ಊರಲ್ಲಿ ತಾಯಿಗೆ ಕಿವಿ ಪೂರ್ತಿ ಹೋಯಿತು. ಒಬ್ಬಳೇ ಇದ್ದಾಳೆ, ಬಾಗಿಲು ಬಡಿದರೂ ಕೇಳುವುದಿಲ್ಲ ಅಂತ ಸುದ್ದಿ ಬಂದಾಗ ಕೆಲಸ ಬಿಟ್ಟು ಬಂದುಬಿಟ್ಟರು. ಬಸ್ಸಿನ ಮೇಲೆ ಬಾಸ್ ಏರಿಸುವಾಗ ಕಂಡಕ್ಟರ್ ಕೇಳಿದನಂತೆ, "ಒಳಗ ಹೆಣ ಐತೇನ್ರಿ?" ಇವರು, "ಇಲ್ಲಪ್ಪ, ಜೀವ ಐತಿ, ಅಡ್ಡ ಮಲಗಿಸಬ್ಯಾಡ" ಅಂದು, ತಾವೂ ಮೇಲೆ ಹತ್ತಿ ಅದನ್ನು ತಬ್ಬಿಕೊಂಡು ಕೂತು ಬಂದರು. ಇದನ್ನು ಅವರೇ ನಗುತ್ತಾ ಹೇಳುತ್ತಿದ್ದರು. ಧೂಳು ಕುಡಿದು ಮೂರು ದಿನ ಮಾತೇ ಹೊರಡಲಿಲ್ಲವಂತೆ.

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದು ಮೈಕ್ ಸೆಟ್ ಬಾಡಿಗೆಗೆ ಕೊಡಲು ಶುರು ಮಾಡಿದರು. ಒಂದು ಆಂಪ್ಲಿಫೈಯರ್, ಎರಡು ಹಾರ್ನ್, ಒಂದು ಮೈಕು, ಕಾರಿನ ಬ್ಯಾಟರಿಗಳು. ಆ ಬ್ಯಾಟರಿಯ ಆಸಿಡ್ ಸಿಡಿದು ಅವರ ಅಂಗಿಗಳೆಲ್ಲ ಹೊಟ್ಟೆಯ ಹತ್ತಿರ ತೂತು ತೂತು. ಹೊಸ ಅಂಗಿ ಹೊಲಿಸಿದರೂ ಎಂಟು ದಿನಕ್ಕೆ ಅದೇ ಗತಿ. ನಾನು ಒಮ್ಮೆ, "ಏನ್ರೀ ಇದು, ಇಲಿ ಸಾಕಿದ್ದೀರಾ?" ಅಂದೆ. "ಗಾಳಿ ಆಡ್ತೈತ್ರಿ ಅಕ್ಕೋರೆ" ಅಂದರು. ನಾನು ಆಗ ಹೆಣ್ಣುಮಕ್ಕಳ ಶಾಲೆಯ ಮಾಸ್ತರಿಣಿ. ನಮ್ಮ ಕಡೆ ಅಂಥವರನ್ನು ಅಕ್ಕೋರು ಅನ್ನುವುದು. ಅವರು ನನಗಿಂತ ದೊಡ್ಡವರಾದರೂ ಕೊನೆಯವರೆಗೆ ಹಾಗೇ ಕರೆದರು.

ಮೈಕ್ ಎದುರು ನಿಂತವರನ್ನು ಅವರು ಸರಿಯಾಗಿ ಪಳಗಿಸುತ್ತಿದ್ದರು. ಅಂಜನಾಪುರದಲ್ಲಿ ಕಾಲುವೆಗೆ ನೀರು ಬಿಡುವ ದಿನ ಒಬ್ಬ ಮುಖಂಡರು ಮೈಕನ್ನು ತುಟಿಗೇ ಒತ್ತಿಕೊಂಡು ಗರ್ಜಿಸುತ್ತಿದ್ದರು. ಇವರು ವೇದಿಕೆ ಹತ್ತಿ, ಎಲ್ಲರೆದುರು, "ಸಾಹೇಬ್ರ, ಅದನ್ನ ತಿನ್ನಬ್ಯಾಡ್ರಿ, ಮಾತಾಡ್ರಿ" ಅಂದು ಮೈಕನ್ನು ಒಂದು ಗೇಣು ಹಿಂದಕ್ಕೆಳೆದು ಇಳಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾಷಣ ಹಿಗ್ಗಿದರೆ, "ಬ್ಯಾಟರಿ ಇಳೀತ್ರಿ" ಅಂತ ಕೈಯಲ್ಲೇ ಸನ್ನೆ ಮಾಡುತ್ತಿದ್ದರು. ಬ್ಯಾಟರಿ ಇಳಿದಿರುತ್ತಿರಲಿಲ್ಲ.

ಅವರಿಗೆ ಸಿಟ್ಟು ಬಂದರೆ ಗೊತ್ತಾಗುತ್ತಿದ್ದುದು ಹೇಗೆ ಅಂದರೆ, ತಂತಿ ಸುತ್ತುತ್ತಿದ್ದರು. ಹೆಬ್ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಹೆಬ್ಬೆರಳಿಗೆ. ಒಮ್ಮೆ ಮದುವೆ ಮನೆಯಲ್ಲಿ ಯಾರೋ ಹಾರ್ನ್ ಕಟ್ಟಲು ಮರ ಹತ್ತಿದ್ದ ಕೂಲಿಯವನನ್ನು ಜಾತಿ ಎತ್ತಿ ಬೈದರಂತೆ. ಇವರು ಒಂದು ಮಾತೂ ಆಡದೆ ಚಪ್ಪರದ ಆ ತುದಿಯಿಂದ ಈ ತುದಿಯವರೆಗೆ ತಂತಿ ಬಿಚ್ಚಿ ಸುತ್ತಿಕೊಂಡು, ಪೆಟ್ಟಿಗೆ ಹೊತ್ತುಕೊಂಡು ನಡೆದೇಬಿಟ್ಟರು. ಗಂಡಿನ ಕಡೆಯವರು ಗೇಟಿನ ತನಕ ಓಡಿಬಂದರೂ ತಿರುಗಿ ನೋಡಲಿಲ್ಲ. ನನ್ನದು ಅಂಥ ಸಿಟ್ಟಲ್ಲ. ನನ್ನ ಕೋಪ ಮೂಗಿನ ತುದಿಯಲ್ಲಿ, ಬಾಯಿ ಅದಕ್ಕಿಂತ ಮುಂದೆ. ಅವರ ಸಿಟ್ಟು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ನಮ್ಮ ಮೊದಲ ಭೇಟಿಯೇ ಜಗಳ. ಗಾಯನ ಮಂಡಳಿಯಲ್ಲಿ ನಾನು ಮೇಲಿನ ಸ್ವರ ಹಾಡುವವಳು, ನನ್ನ ಕಂಠದ ಬಗ್ಗೆ ನನಗೆ ಕೊಬ್ಬು ಇತ್ತು. ನಮ್ಮ ಪ್ರಾರ್ಥನಾ ಮಂದಿರ ಚಿಕ್ಕದು, ಹೆಂಚಿನ ಮಾಡು, ಜನ ಚಾಪೆ ಹಾಸಿ ಕೂರುವುದು. ವಾದ್ಯದವರು ಹಿಂದೆ ಬಾಗಿಲ ಬಳಿ ನಿಲ್ಲುತ್ತಿದ್ದರು, ಬ್ಯಾಟರಿಗೆ ಗಾಳಿ ಬೇಕು ಅಂತ. ಒಂದು ಭಾನುವಾರ ಹಾಡು ಮುಗಿದ ಕೂಡಲೇ ನಾನು ತಿರುಗಿ, "ಯಾರ್ರೀ ಅದು ಹಿಂದೆ ರಾಗಿ ಬೀಸ್ತಿರೋರು? ಹಾಡೋರ ದನಿಯೇ ಕೇಳಲ್ಲ!" ಅಂತ ಕೂಗಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಬರ್ರಿ ಅಕ್ಕೋರೆ" ಅಂತ ಕರೆದುಕೊಂಡು ಹೋಗಿ, ಹೆಂಗಸರ ಕಡೆ ಮುಂದಿನ ಸಾಲಿನಲ್ಲಿದ್ದ ಒಂದು ಮರದ ಪೆಟ್ಟಿಗೆ ತೋರಿಸಿದರು. ಅದರ ಮೇಲೆ ಮಡಚಿದ ಕೌದಿ, ಕೌದಿಯ ಮೇಲೆ ಅವರ ತಾಯಿ. ಮಂಡಿ ನೋವು ಅಂತ ಮುದುಕಿ ಎತ್ತರಕ್ಕೆ ಕೂರುತ್ತಾಳೆ ಅಂದುಕೊಂಡಿದ್ದೆ. "ಕೈ ಇಡ್ರಿ ಇಲ್ಲಿ" ಅಂದು ಹಿಂದಕ್ಕೆ ಹೋಗಿ ಬಾಸ್ ಮೀಟಿದರು. ನನ್ನ ಅಂಗೈಯಲ್ಲಿ ಪೆಟ್ಟಿಗೆ ನಡುಗಿತು. ಒಳಗೆ ಸ್ಪೀಕರ್ ಇತ್ತು.

ಕೆಟ್ಟುಹೋದ ಗ್ರಾಮಫೋನಿನ ಸೂಜಿ ಹಿಡಿಯುವ ತಲೆಯನ್ನು ಕಿತ್ತು, ಬಾಸಿನ ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಗೆ ಬಿಗಿದಿದ್ದರು. ಅಲ್ಲಿಂದ ಗೋಡೆಯ ಪಕ್ಕ ತಂತಿ, ಆಂಪ್ಲಿಫೈಯರಿಗೆ, ಆಂಪ್ಲಿಫೈಯರಿನಿಂದ ತಾಯಿ ಕೂತ ಪೆಟ್ಟಿಗೆಗೆ. ಮೊದಲು ಹಾರ್ಮೋನಿಯಂ ದನಿಯನ್ನು ಆ ಪೆಟ್ಟಿಗೆಗೆ ಹಾಯಿಸಿ ನೋಡಿದ್ದರಂತೆ. "ಇರಿವಿ ಹರದಂಗ ಆಗ್ತೈತಲೇ, ತೆಗಿ" ಅಂದಳಂತೆ ಮುದುಕಿ. ಬಾಸ್ ಹಾಯಿಸಿದ ದಿನ ಕೂತಲ್ಲೇ ಅಳಲು ಶುರು ಮಾಡಿದಳು. ಕಿವಿ ಹೋದಮೇಲೆ ಆ ಹೆಂಗಸಿಗೆ ಆರಾಧನೆ ಅಂದರೆ ಬಾಯಿ ಆಡಿಸುವ ಜನರನ್ನು ನೋಡುತ್ತಾ ಕೂರುವುದಾಗಿತ್ತು. ಈಗ ಬಾಸ್ ನಡೆಯುವ ರೀತಿಯಿಂದ ಇದು ಯಾವ ಹಾಡು ಅಂತ ಅವಳಿಗೆ ತಿಳಿಯುತ್ತಿತ್ತು. ಕಣ್ಣು ಮುಚ್ಚಿ, ಎರಡೂ ಅಂಗೈ ಪೆಟ್ಟಿಗೆಗೆ ಒತ್ತಿ, ಎಲ್ಲರಿಗಿಂತ ಅರ್ಧ ಹೆಜ್ಜೆ ಹಿಂದೆ, ರಾಗವಿಲ್ಲದೆ, ಗಟ್ಟಿಯಾಗಿ ಹಾಡುತ್ತಿದ್ದಳು. ಅವತ್ತಿನಿಂದ ನಾನು ಅವಳ ಪಕ್ಕದಲ್ಲೇ ಕೂತೆ. ನನ್ನ ಶ್ರುತಿ ಕೆಟ್ಟರೆ ಕೆಡಲಿ ಅಂದುಕೊಂಡೆ.

ಇದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪಾದ್ರಿಗೆ ಗೊತ್ತಿತ್ತು. ಸಭೆಯ ಹಿರಿಯರಿಗೂ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಆಮೇಲೆ ಎಲ್ಲರೂ, "ನಮಗೇನು ಗೊತ್ತು" ಅಂದರು.

ಈಗ ಜಡೆ ಅನ್ನುವ ಊರಿನ ಮದುವೆಯ ವಿಷಯ. ಸೊರಬದಲ್ಲಿ ನಮ್ಮವರ ನಾಲ್ಕಾರು ಮನೆಗಳಿದ್ದವು. ಅಲ್ಲಿ ಮನೆ ಪ್ರಾರ್ಥನೆಗೆ ಇವರು ಬಾಸ್ ಸಮೇತ ಹೋಗುತ್ತಿದ್ದರು. ಆ ಸಲ ಅಲ್ಲಿಂದಲೇ ಜಡೆಗೆ, ಒಬ್ಬ ಗದ್ದೆಯ ಯಜಮಾನರ ಮನೆ ಮದುವೆಗೆ ಮೈಕ್ ಹಾಕಬೇಕಿತ್ತು. ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಹೋಯಿತು. ನಮ್ಮ ಕಡೆ ಮದುವೆ ಮನೆಗೆ ಮೈಕ್ ಸೆಟ್ ಬಂದರೆ, ಮೊದಲು ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹಾರ್ನಿಗೆ ಹೂವು ಮುಡಿಸಿ, ಆಮೇಲೇ ಹಾಡಿನ ಪ್ಲೇಟು ಹಾಕಿಸುವುದು. ಇವರು ಬೇಡ ಅನ್ನುತ್ತಿರಲಿಲ್ಲ. ಕಬ್ಬಿಣದ ಸಾಮಾನು, ಶನಿವಾರ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಆದರೆ ಜಡೆಯ ಮನೆಯ ಅಜ್ಜಿ, ಮದುಮಗಳ ಅಜ್ಜಿ, ಗಾಡಿಯಲ್ಲಿದ್ದ ಬಾಸನ್ನೂ ನೋಡಿದಳು.

"ಇದೆಂತದು ಮಾರಾಯ, ಇಷ್ಟ್ ದೊಡ್ಡದು?"

"ದೇವ್ರ ಹಾಡಿಗೆ ಬಾರ್ಸೋದಮ್ಮ."

"ದೇವ್ರದ್ದಾ? ಮತ್ತೆ ಹೊರಗೆ ಯಾಕೆ ಇಟ್ಟೆ? ಒಳಗೆ ತಗಂಬಾ!"

ಒಳಗೆ ತರಿಸಿ, ಮಣೆ ಹಾಕಿ ನಿಲ್ಲಿಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಮೂರು ಬೆರಳಲ್ಲಿ ಎದೆಯ ಮೇಲೆ ಎಳೆದೇಬಿಟ್ಟಳು. ಇವರು, "ಅಮ್ಮ, ಅಮ್ಮ" ಅನ್ನುವಷ್ಟರಲ್ಲಿ ಆಗಿಹೋಗಿತ್ತು. "ದೇವ್ರ ವಸ್ತು ಮನೆಗೆ ಬಂದಾಗ ಬರೀ ಹಣೇಲಿ ಕಳ್ಸೂಕಾಗ್ತದಾ?" ಅಂದಳಂತೆ. ಬಾಸಿನ ಎದೆಯಲ್ಲಿ ಬಣ್ಣ ಸವೆದು ಬರಿಯ ಮರ ಕಾಣುತ್ತಿದ್ದ ಜಾಗ ಅದು. ಎಣ್ಣೆ ಕುಂಕುಮ ಮರದ ಎಳೆಯೊಳಗೆ ಇಳಿಯಿತು. ಒರೆಸಿದಷ್ಟೂ ಹರಡಿತು.

ಭಾನುವಾರ ಮೂರು ಕೆಂಪು ಗೆರೆಗಳ ಜೊತೆ ಬಾಸ್ ಮಂದಿರಕ್ಕೆ ಬಂತು. ಸಭೆಯ ಹಿರಿಯರು ಅಂದರೆ ಒಬ್ಬರೇ, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಮಾತೆಲ್ಲ ಕಚೇರಿಯದೇ. "ಇದು ತಕರಾರಿನ ಬಾಬ್ತು" ಅಂದರು. ಆರಾಧನೆ ಮುಗಿದ ಮೇಲೆ ಎಲ್ಲರನ್ನೂ ನಿಲ್ಲಿಸಿಕೊಂಡರು.

"ಏನಿದು? ವಿಗ್ರಹಕ್ಕೆ ಹಚ್ಚೋದನ್ನ ಹಚ್ಚಿಸ್ಕೊಂಡು ದೇವ್ರ ಮನಿಗೆ ತರ್ತೀರಾ?"

"ಒಬ್ಬ ಮುದುಕಿ ಪ್ರೀತೀಲೆ ಹಚ್ಚಿದ್ದು ರೀ."

"ಹೆರೆದು ತೆಗೀರಿ."

"ಹೆರೆದ್ರೆ ದನಿ ಹೋಗ್ತೈತ್ರಿ. ಎದಿ ಹಲಗಿ ಮೊದ್ಲೇ ತೆಳ್ಳಗೈತಿ."

"ದನಿ ಹೋದ್ರೆ ಹೋಗ್ಲಿ. ದೇವ್ರ ಮನಿ ಮೈಲಿಗಿ ಆಗಬಾರ್ದು."

ಮೈಲಿಗೆ! ಆ ಶಬ್ದ ಕೇಳಿ ನನ್ನ ಮೈಯೆಲ್ಲ ಉರಿಯಿತು. ಆ ಶಬ್ದದ ಏಟು ತಿಂದು ತಿಂದು ಸಾಕಾಗಿ ತಾನೇ ಈ ಹಿರಿಯರ ಅಜ್ಜ, ನನ್ನ ಅಜ್ಜ, ಅಲ್ಲಿ ನಿಂತಿದ್ದವರ ಅಜ್ಜಂದಿರೆಲ್ಲ ಆ ಮನೆ ಬಿಟ್ಟು ಕ್ರಿಸ್ತನ ಮನೆಗೆ ಬಂದದ್ದು? ಬರುವಾಗ ಅದನ್ನೂ ಗಂಟಿನಲ್ಲಿ ಕಟ್ಟಿಕೊಂಡು ಬಂದರೆ? ನಾನು ಕೇಳಿಯೇಬಿಟ್ಟೆ: "ಸ್ವಾಮಿ, ನೀವು ಶಿವಮೊಗ್ಗಕ್ಕೆ ಹೋಗೋ ಬಸ್ಸಿನ ಮೂತಿ ತುಂಬಾ ಕುಂಕುಮ ಇರ್ತದಲ್ಲ, ಇಳಿದು ನಡ್ಕೊಂಡು ಹೋಗ್ತೀರೇನು?" ಯಾರೋ ಕಿಸಕ್ಕನೆ ನಕ್ಕರು. ಹಿರಿಯರು ನನ್ನ ಕಡೆ ನೋಡದೆ ಪಾದ್ರಿಗೆ, "ಹೆಂಗಸರನ್ನ ಸುಮ್ನಿರಿಸ್ರಿ" ಅಂದರು. ಪಾದ್ರಿ ಒಳ್ಳೆಯವರು. ಒಳ್ಳೆಯವರು ಅಂದರೆ, ಯಾರಿಗೂ ಬೇಡ ಅನ್ನಲಾಗದವರು. ಅಂಥವರಿಂದ ಆಗುವ ಕೇಡು ಕೆಟ್ಟವರಿಂದ ಆಗುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಅವರಿಗೆಲ್ಲ ಹೆದರಿಕೆ ಇತ್ತು. ಕೈಬೆರಳೆಣಿಕೆಯ ಮನೆಗಳು. "ಇವರು ಅಲ್ಲೂ ಇಲ್ಲ, ಇಲ್ಲೂ ಇಲ್ಲ" ಅಂತ ಊರು ಆಡಿಕೊಂಡೀತು, ಮೇಲಿನವರಿಗೆ ದೂರು ಹೋದೀತು ಅನ್ನುವ ಹೆದರಿಕೆ. ಅದು ನನಗೆ ಅರ್ಥವಾಗುತ್ತದೆ. ಅರ್ಥವಾಯಿತು ಅಂತ ಸಿಟ್ಟು ಇಳಿಯಬೇಕೆಂದೇನೂ ಇಲ್ಲ.

ಪಾದ್ರಿ ನಡುದಾರಿ ಹುಡುಕಿದರು. ಗೆರೆ ಕಾಣದ ಹಾಗೆ ಬಿಳಿ ಬಟ್ಟೆ ಕಟ್ಟಿ ಬಾರಿಸಿ ಅಂದರು. ಇವರು ಒಪ್ಪಿದರು. ಒಪ್ಪಿದ್ದು ಯಾಕೆ ಅಂತ ನನಗೆ ಗೊತ್ತು. ಬಿಟ್ಟು ಹೋದರೆ ತಾಯಿಗೆ ಮತ್ತೆ ಆ ಬಾಯಾಡಿಸುವ ಜನ. ತಂತಿ ಸುತ್ತಿಕೊಂಡು ಎದ್ದು ಹೋಗಬಲ್ಲ ಮನುಷ್ಯ ಪೆಟ್ಟಿಗೆಯ ಮೇಲೆ ಕೂತ ಅವ್ವನಿಗಾಗಿ ನಿಂತರು. ಸೊಂಟಕ್ಕೆ ವಲ್ಲಿಬಟ್ಟೆ ಸುತ್ತಿಕೊಂಡ ಅಡಿಗೆಯವನ ಹಾಗೆ ಬಾಸ್ ಕಾಣುತ್ತಿತ್ತು. ಮಕ್ಕಳು ನೋಡಿ ನಗುತ್ತಿದ್ದವು.

ಹೀಗೇ ಕ್ರಿಸ್‌ಮಸ್ ಹತ್ತಿರ ಬಂತು. ಆ ವರ್ಷ ಹಬ್ಬದ ಆರಾಧನೆಗೆ ಶಿವಮೊಗ್ಗದಿಂದ ದೊಡ್ಡ ಪಾದ್ರಿ ಬರುತ್ತಾರೆ ಅಂತ ಸುದ್ದಿ. ಹಿರಿಯರಿಗೆ ಮೈಮೇಲೆ ಬಂದಹಾಗಾಯಿತು. ಸುಣ್ಣ ಹೊಡೆಸಿದರು, ಕಿಟಕಿ ಚೌಕಟ್ಟು ಸರಿಮಾಡಲು ಬಡಗಿಯನ್ನು ಕರೆಸಿದರು. ಬಾಸ್ ಭಾರ ಅಂತ ಇವರು ದಿನಾ ಹೊತ್ತೊಯ್ಯದೆ ಮಂದಿರದ ಪಕ್ಕದ ಕೋಣೆಯಲ್ಲೇ ಇಡುತ್ತಿದ್ದರು. ಅಲ್ಲಿಗಿಂತ ಭದ್ರ ಜಾಗ ಯಾವುದು ಅಂತ. ಬಡಗಿ ಕಿಟಕಿ ಮುಗಿಸಿ ಹೊರಟಾಗ ಹಿರಿಯರು ಆ ಕೋಣೆ ತೆರೆದು, ಬಟ್ಟೆ ಬಿಚ್ಚಿ, "ಈ ಕಲೆ ತೆಗೆದು ಪಾಲಿಶ್ ಹಾಕು" ಅಂದರು. ಬಡಗಿ ನನಗೆ ಆಮೇಲೆ ಹೇಳಿದ: "ನಾ ಬ್ಯಾಡ ಅಂದೆ ರೀ ಅಕ್ಕೋರೆ. ಹಲಗಿ ಹಪ್ಪಳದಂಗೈತಿ, ಉಜ್ಜುಗೊರಡು ತಡಿಯಂಗಿಲ್ಲ ಅಂದೆ. 'ನಿಂಗ ಹೇಳಿದ್ದು ಮಾಡು' ಅಂದ್ರು."

ಉಜ್ಜುಗೊರಡು ಕಣ್ರೀ! ಬಾಗಿಲ ಹಲಗೆ ನಯ ಮಾಡುವ ಉಜ್ಜುಗೊರಡು ಹಾಕಿ ವಾದ್ಯದ ಎದೆಯನ್ನು ಊಟದ ತಟ್ಟೆಯಗಲ ಕೆತ್ತಿಸಿದರು. ಮೇಲೆ ಹೊಳೆಯುವ ಹಾಗೆ ಪಾಲಿಶ್.

ಹಬ್ಬದ ಮುನ್ನಾದಿನ ಸಂಜೆ, ಇನ್ನೂ ಬಿಸಿಲಿತ್ತು, ಅಭ್ಯಾಸಕ್ಕೆ ಸೇರಿದೆವು. ಹಾರ್ಮೋನಿಯಂ ಹಿಡಿದ ಹುಡುಗಿ, ಹಾಡುವ ನಾವು, ಪಾದ್ರಿ, ಹಿರಿಯರು. ಇವರ ತಾಯಿ ಬಂದಿರಲಿಲ್ಲ, ಮನೆಯಲ್ಲಿ ಹಬ್ಬದ ಕಜ್ಜಾಯಕ್ಕೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಇವರು ಬ್ಯಾಟರಿ ಇಳಿಸಿ ಒಳಗೆ ಬಂದರು. ಹಿರಿಯರೇ ಮುಂದೆ ನಡೆದು ಕೋಣೆಯ ಬಾಗಿಲು ತೆರೆದರು. ಮುಖದಲ್ಲಿ ಎಂಥ ಹಿಗ್ಗು ಅಂತೀರಿ! ಮದುಮಗಳನ್ನು ಹೊರಗೆ ಕರೆತರುವವರ ಹಾಗೆ ಬಾಸನ್ನು ಹೊರಗೆ ತಂದರು.

"ನೋಡ್ರಿ, ಹೊಸಾದರಂಗ ಮಾಡ್ಸೀನಿ. ಇನ್ನ ಬಟ್ಟಿ ಕಟ್ಟೋ ಜರೂರು ಇಲ್ಲ."

ಆ ಮನುಷ್ಯ ನಿಜವಾಗಿ ಉಪಕಾರ ಮಾಡಿದ್ದೇನೆ ಅಂದುಕೊಂಡಿದ್ದ. ನನಗೆ ಇವತ್ತಿಗೂ ತಡೆಯಲಾಗದ್ದು ಅದೇ. ದ್ವೇಷದಿಂದ ಮಾಡಿದ್ದರೆ ಎದುರು ನಿಂತು ಉಗಿಯಬಹುದಿತ್ತು.

ಇವರು ಹೆಬ್ಬೆರಳನ್ನು ಆ ಹೊಳೆಯುವ ಜಾಗದ ಮೇಲೆ ಮೆಲ್ಲಗೆ ಆಡಿಸಿದರು. ಬೆರಳ ಗೆಣ್ಣಿನಿಂದ ತಟ್ಟಿದರು. ತಂತಿಗಳನ್ನು ಬಡಗಿ ಸಡಿಲ ಮಾಡಿದ್ದ. ಅವರ ಮುಖ ನೋಡಿದರೆ ಹಲಗೆ ತಡೆಯುವುದಿಲ್ಲ ಅಂತ ತಿಳಿದಿತ್ತು ಅನಿಸುತ್ತಿತ್ತು. ಆದರೆ ನಾಳೆ ಹಬ್ಬ, ನಾಳೆ ತಾಯಿ ಪೆಟ್ಟಿಗೆಯ ಮೇಲೆ ಕೂರುತ್ತಾಳೆ. ಹಾಗಾಗಿ ಬಿರಡೆ ತಿರುವಲು ಶುರು ಮಾಡಿದರು. ಸ್ವಲ್ಪ ತಿರುವಿ ನಿಲ್ಲಿಸುವುದು, ಕಿವಿ ಹಚ್ಚುವುದು, ಮತ್ತೆ ತಿರುವುವುದು. ಸಣ್ಣ ತಂತಿಗಳು ನಿಂತವು. ದಪ್ಪ ತಂತಿ ಶ್ರುತಿಗೆ ಏರುತ್ತಿದ್ದಾಗ ಒಣ ಬಿದಿರು ಸೀಳಿದಂಥ ಸದ್ದಾಯಿತು. ಎದೆ ಹಲಗೆ ಮೇಲಿನಿಂದ ಕೆಳಗಿನವರೆಗೆ ಬಿರಿಯಿತು, ಮರದ ಕುದುರೆ ಒಳಕ್ಕೆ ಕುಸಿಯಿತು, ತಂತಿಗಳು ಜೋಲು ಬಿದ್ದವು.

ಹಾರ್ಮೋನಿಯಂ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಹಿರಿಯರಿಗೆ ಏನೇನು ಅಂದೆನೋ, ಅದನ್ನು ಇಲ್ಲಿ ಬರೆಯಲಾಗದು. ಬಾಯಿಗೆ ಬಂದದ್ದೆಲ್ಲ ಅಂದೆ. "ನಿಮ್ಮ ಕೈ ಸೇದಿಹೋಗ" ಅಂದದ್ದಂತೂ ನೆನಪಿದೆ. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಹಿರಿಯರು ಬೆಪ್ಪಾಗಿ ನಿಂತಿದ್ದರು. "ಹಳೇ ಮರ, ಅದಕ್ಕೇ ಹಿಂಗಾತು" ಅಂದರು. ಆಮೇಲೆ ಪಾದ್ರಿಯ ಮುಖ ನೋಡಿದರು. ಪಾದ್ರಿ ಮುಂದೆ ಬಂದರು. ನಾಳೆ ದೊಡ್ಡ ಪಾದ್ರಿ ಬರುತ್ತಾರೆ, ಸಭೆಯಲ್ಲಿ ವೈಮನಸ್ಸು ಇಟ್ಟುಕೊಂಡು ಹಬ್ಬದ ಬಲಿಪೀಠದ ಮುಂದೆ ಹೇಗೆ ನಿಲ್ಲುವುದು, ಇಲ್ಲೇ ಈಗಲೇ ಒಬ್ಬರನ್ನೊಬ್ಬರು ಕ್ಷಮಿಸಿಬಿಡಿ, ಹೀಗೆಲ್ಲ ಹೇಳಿದರು. ಮರ ಬಿರಿದು ಒಂದು ಗಳಿಗೆ ಆಗಿಲ್ಲ, ಕ್ಷಮೆ ಬೇಕಂತೆ ಇವರಿಗೆ! ಗಾಯದ ರಕ್ತ ನಿಲ್ಲುವ ಮುಂಚೆ ಗಾಯಗೊಂಡವನೇ ಸಮಾಧಾನ ಹೇಳಬೇಕಂತೆ.

ಹಿರಿಯರು ಮುಂದೆ ಬಂದು ಇವರ ಕೈ ಹಿಡಿದರು. ಕೈ ಹಿಡಿದವರು ಹಿರಿಯರು, ಇವರಲ್ಲ. ಇವರು ಆ ಕೈಯನ್ನು ಬಿಡಿಸಿಕೊಂಡು, ಬೀಳುತ್ತಿದ್ದ ಬಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಿಡಿದುಕೊಂಡೇ ಮಾತಾಡಿದರು.

"ನಂದು ಬಿಟ್ಟುಬಿಡ್ರಿ. ನಂದು ಒಂದು ಮರದ ಸಾಮಾನು. ಅವ್ವಂದು ಐತಲ್ಲ, ಅದನ್ನ ನಾ ಹೆಂಗ ಮಾಫ್ ಮಾಡ್ಲಿ? ಅದು ನಂದಲ್ಲ. ಅವ್ವನ್ನ ಕೇಳ್ರಿ."

"ಅವರಿಗೆ ಕಿವಿ ಕೇಳೋದಿಲ್ಲವಲ್ಲ" ಅಂದರು ಪಾದ್ರಿ. ದೇವರಾಣೆ, ಹಾಗಂದರು.

"ಹೌದ್ರಿ. ಕೇಳಂಗಿಲ್ಲ" ಅಂದು ಇವರು ಬಾಸನ್ನು ಗೋಡೆಗೆ ಒರಗಿಸಿದರು. ಬೇರೆ ಯಾವ ಮಾತೂ ಆಗಲಿಲ್ಲ. 'ನಂದು ಬಿಟ್ಟುಬಿಡ್ರಿ' ಅಂದ ಆ ಅರ್ಧ ಮಾತನ್ನು ಹಿಡಿದುಕೊಂಡು, ಕೈಹಿಡಿದ ಕ್ಷಣವನ್ನು ಮುಂದೆ ಮಾಡಿ, ಆ ಪಾದ್ರಿ ಊರೂರಲ್ಲಿ ಕಥೆ ಹೇಳಿದರು. ಹೇಳಿ ಹೇಳಿ ಅವರಿಗೇ ನಿಜ ಅನಿಸಿರಬೇಕು.

ಹೊರಡುವಾಗ ಇವರು ನನ್ನ ಹತ್ತಿರ ಬಂದು, "ಅಕ್ಕೋರೆ, ಅವ್ವನಿಗೆ ಹೇಳಬ್ಯಾಡ್ರಿ. ಹಬ್ಬ ಮುಗೀಲಿ" ಅಂದರು. ಕಣ್ಣು ಕೆಂಪಾಗಿತ್ತು, ಧ್ವನಿ ಸರಿಯಾಗೇ ಇತ್ತು. ಗ್ರಾಮಫೋನಿನ ಆ ತಲೆಯನ್ನು ಬಿರಿದ ಮರದೊಳಗಿಂದ ಬಿಡಿಸಿ ಹಾರ್ಮೋನಿಯಮ್ಮಿಗೆ ಕಟ್ಟಿದರು. ಅವ್ವನಿಗೆ ಏನಾದರೂ ಸ್ವಲ್ಪ ತಿಳಿದೀತು ಅಂತ.

ಬೆಳಿಗ್ಗೆ ಮಂದಿರ ತುಂಬಿಹೋಯಿತು. ದೊಡ್ಡ ಪಾದ್ರಿ ಬಂದರು. ಹಿರಿಯರು ಮಡಿಕೆ ಮುರಿಯದ ಬಿಳಿ ಪಂಚೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. ಮುದುಕಿ ಹಸಿರು ಹೊಸ ಸೀರೆ ಉಟ್ಟು ಬಂದು, ನನ್ನ ಗಲ್ಲ ಹಿಂಡಿ, ಕೌದಿ ಸರಿಮಾಡಿಕೊಂಡು ಪೆಟ್ಟಿಗೆಯ ಮೇಲೆ ಕೂತಳು. ಕಣ್ಣು ಮುಚ್ಚಿದಳು. ಅಂಗೈಗಳನ್ನು ಎರಡೂ ಪಕ್ಕಕ್ಕೆ ಒತ್ತಿದಳು. ಮಗ ಹಿಂದೆ ಬಾಗಿಲ ಬಳಿ ಆಂಪ್ಲಿಫೈಯರಿನ ದನಿ ಏರಿಸುವ ಗುಂಡಿ ಹಿಡಿದು ನಿಂತಿದ್ದರು, ಅವಳಿಗೆ ಕಾಣುತ್ತಿರಲಿಲ್ಲ.

ಹಾಡು ಶುರುವಾಯಿತು. ಹಬ್ಬದ ಹಾಡು, ಎಲ್ಲರಿಗೂ ಬರುವ ಹಾಡು. ಗಂಡಸರು, ಹೆಂಗಸರು, ಮಕ್ಕಳು ಕತ್ತಿನ ನರ ಉಬ್ಬುವ ಹಾಗೆ ಹಾಡಿದರು. ಹೆಂಚು ಹಾರಿಹೋಗುತ್ತದೇನೋ ಅನ್ನುವಷ್ಟು ಗದ್ದಲ. ಹಿರಿಯರು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದರು. ನಾನು ಮುದುಕಿಯನ್ನೇ ನೋಡುತ್ತಿದ್ದೆ. ಅವಳು ಕಾಯುತ್ತಿದ್ದಳು. ಒಂದು ಚರಣ ಮುಗಿಯಿತು, ಎರಡನೆಯದು ಮುಗಿಯಿತು. ಅಂಗೈ ಒಂದು ಸಲ ಎತ್ತಿ ಸೀರೆಗೆ ಒರೆಸಿ, ಮತ್ತೆ ಒತ್ತಿದಳು. ಆಮೇಲೆ ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ವಾಲಿ, ಕಿವುಡರು ಮಾತಾಡುವ ಹಾಗೆ, ಇಡೀ ಮಂದಿರಕ್ಕೆ ಕೇಳುವಂತೆ ಕೇಳಿದಳು:

"ಯಾಕಬೇ ಮಗಳ, ಇಷ್ಟೊತ್ತಾತು, ಇನ್ನೂ ಯಾರೂ ಹಾಡಾಕ ಶುರು ಮಾಡಿಲ್ಲ?"